ಅಜ್ಜಿಯ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕೂಡಿಟ್ಟರೆ ಸಾಕಾ?

ಪ್ರಶ್ನೆ: ನನಗೆ 41 ವರ್ಷ. ಬನಶಂಕರಿಯಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕಂದಿನಿಂದ ನನಗೆ ಪದಗಳ ಹುಚ್ಚು. ತುಮಕೂರು ಕಡೆಯ ನಮ್ಮಜ್ಜಿ ನೆಲುವು, ಹಗೇವು, ಒಂದರಿ ಅನ್ನುತ್ತಿದ್ದರು. ಈಗಲೂ ಅಂಥ ಪದ ಕಿವಿಗೆ ಬಿದ್ದರೆ ಬಾಯಲ್ಲಿ ಬೆಲ್ಲ ಇಟ್ಟ ಹಾಗಾಗುತ್ತದೆ. ಹತ್ತು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಪದ, ಅರ್ಥ ಬರೆದಿಡುತ್ತಿದ್ದೇನೆ. 1,400 ದಾಟಿದೆ. ಆದರೆ ಮಾತಾಡುವಾಗ ಒಂದೂ ಬಾಯಿಗೆ ಬರುವುದಿಲ್ಲ. ಬಂದರೆ ಆಫೀಸಿನಲ್ಲಿ ನಗುತ್ತಾರೆ. 'ಅಮ್ಮಾ, ನಾಟಕದ ಡೈಲಾಗ್ ಬೇಡ' ಅಂತಾನೆ ಮಗ. ಅವನು ಪರೀಕ್ಷೆಯಲ್ಲಿ 'ರಸ್ತೆಯ ಇಕ್ಕೆಲಗಳಲ್ಲಿ ಮರಗಳಿದ್ದವು' ಅಂತ ಬರೆದಿದ್ದ. ಟೀಚರ್ ಕೆಂಪು ಗೆರೆ ಎಳೆದು 'ಎರಡೂ ಬದಿ' ಅಂತ ತಿದ್ದಿದರು. ಅಂದಿನಿಂದ ನನ್ನ ಪದಗಳನ್ನು ಅವನು ನಂಬುವುದೇ ಇಲ್ಲ. ನಮ್ಮ ಭಾವನವರು 'ಮೊದಲು ಕುರ್ಚಿ, ಅರ್ಜಿ ಅನ್ನೋದು ಬಿಟ್ಟು ಶುದ್ಧ ಕನ್ನಡ ಕಲಿ' ಅಂತಾರೆ. ಅಜ್ಜಿ ಈಗಿಲ್ಲ. ಅವರ ತಂಗಿ ಊರಲ್ಲಿದ್ದಾರೆ. ನನ್ನ ಈ ಹವ್ಯಾಸದಿಂದ ಏನಾದರೂ ಉಪಯೋಗ ಇದೆಯಾ? ಅಥವಾ ಚಲಾವಣೆ ಇಲ್ಲದ ನಾಣ್ಯ ಕೂಡಿಡುವ ಹಾಗಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನಿಮ್ಮನ್ನು ಕಾಡುತ್ತಿರುವುದು ಬೇರೆ ಅಂತ ನನಗನಿಸಿತು. ಅಷ್ಟು ಪ್ರೀತಿಯಿಂದ ಕೂಡಿಟ್ಟ ಪದಗಳು ನಿಮ್ಮ ನಾಲಿಗೆಗೇ ಬರುತ್ತಿಲ್ಲ. ಬಂದರೆ ಮನೆಯವರೇ ಒಪ್ಪುತ್ತಿಲ್ಲ. ಜೊತೆಗೆ, ಮಗನಿಗೆ ತಪ್ಪು ಕಲಿಸಿಬಿಟ್ಟೆನೇನೋ ಎಂಬ ಅಳುಕು. ಕನ್ನಡ ಪಾಠ ಹೇಳುತ್ತಾ, ನಿಘಂಟಿನ ಕೆಲಸ ಮಾಡುತ್ತಾ ನಾನು 30 ವರ್ಷ ಕಳೆದಿದ್ದೇನೆ. ಈ ಮೂರು ಸಂಕಟಗಳೂ ನನಗೆ ಗೊತ್ತು.

ಮೊದಲು ಅಳುಕು ಕಳೆಯೋಣ. 'ಇಕ್ಕೆಲ' ಸರಿಯಾದ ಪದ. ಮಗ ಬರೆದ ವಾಕ್ಯವೂ ಸರಿ. ಕೆಲ ಅಂದರೆ ಪಕ್ಕ, ಬದಿ. ಅದರ ಮುಂದೆ ನಿಂತಿರುವುದು 'ಇರ್', ಅಂದರೆ ಎರಡು. ಈ 'ಇರ್' ನಿಮ್ಮ ಮಗನಿಗೆ ಹೊಸದೇನಲ್ಲ, ದಿನಾ ಹೇಳುತ್ತಾನೆ. ಇಬ್ಬರು ಅನ್ನುವಾಗ ಅದು ಇದೆ. ಇಪ್ಪತ್ತು ಅಂದರೆ ಎರಡು ಹತ್ತು, ಅಲ್ಲೂ ಇದೆ. ಸಮಾಜ ಪಾಠದ ಇಮ್ಮಡಿ ಪುಲಿಕೇಶಿಯಲ್ಲೂ ಇದೆ. ಪಕ್ಕದಲ್ಲೇ ಮೂರರ ಮನೆ: ಮೂರು ಕಾಲು ಸೇರಿ ಮುಕ್ಕಾಲು, ಮೂರನೆಯವರಾದ್ದರಿಂದ ಮುಮ್ಮಡಿ ಕೃಷ್ಣರಾಜ ಒಡೆಯರ್. ಅದರಾಚೆ ನಾಲ್ವಡಿ. ಅವನ ಕೈಗೆ ಒಂದು ಪೆನ್ನು ಕೊಟ್ಟು ಈ ಕುಟುಂಬದ ಪಟ್ಟಿ ಮಾಡಿಸಿ. ಇಕ್ಕೆಲ ಆಗ ನಾಟಕದ ಡೈಲಾಗ್ ಅನಿಸುವುದಿಲ್ಲ. ಇಪ್ಪತ್ತರ ತಂಗಿ ಅನಿಸುತ್ತದೆ.

ನನಗೆ ಪದಗಳ ರುಚಿ ಹತ್ತಿದ್ದು ಹೀಗೇ. ಒಂದೊಂದೇ ಪದವನ್ನು ಬಿಡಿಯಾಗಿ ನೋಡಿದಾಗ ಅದೊಂದು ಚೆಂದದ ಕಲ್ಲು, ಅಷ್ಟೇ. ಅದರ ನಂಟರು ಕಂಡಾಗ ಮೈ ಜುಮ್ಮೆನ್ನುತ್ತದೆ. ಏರ್‌ಪೋರ್ಟ್ ಕಡೆ ಹೋಗುವಾಗ ಹೆದ್ದಾರಿಯ ಬೋರ್ಡು ನೋಡುತ್ತೀರಿ. ಹಿರಿದಾದ ದಾರಿ ಹೆದ್ದಾರಿ. ಹಿರಿದಾದ ಬಾಗಿಲು ಹೆಬ್ಬಾಗಿಲು, ಬೆರಳು ಹೆಬ್ಬೆರಳು, ಮರ ಹೆಮ್ಮರ, ಹಾವು ಹೆಬ್ಬಾವು. ಹಿರಿದು ಎಂಬುದು 'ಹೆ' ಎಂಬ ಒಂದೇ ಅಕ್ಷರವಾಗಿ, ಮುಂದಿನ ಪದದ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಕೂತಿದೆ. ಇನ್ನೊಂದು ನೋಡಿ. ನಡು ನಟ್ಟನಡು ಆಗುತ್ತದೆ, ಕಡೆ ಕಟ್ಟಕಡೆ, ಬಯಲು ಬಟ್ಟಬಯಲು, ಮೊದಲು ಮೊಟ್ಟಮೊದಲು. ಮೊದಲಕ್ಷರ ಹಿಡಿದುಕೊಂಡು ನಡುವೆ ಒಂದು 'ಟ್ಟ' ಸೇರಿಸಿದರೆ ಮಾತಿಗೆ ಎಲ್ಲಿಲ್ಲದ ಬಿರುಸು. ತುದಿ ಮಾತ್ರ 'ತುಟ್ಟತುದಿ' ಅಷ್ಟೇ ಆಗಿ ಉಳಿಯದೆ ತುತ್ತತುದಿಯೂ ಆಯಿತು. ಆ ಒಂದು ಹಠ ನನಗೆ ಬಹಳ ಇಷ್ಟ.

ನಿನ್ನೆ ಮೊನ್ನೆ ಬಂದ ಪದವೂ ಈ ಆಟಕ್ಕೆ ಸೇರುತ್ತದೆ. ಕಾಫಿಗೀಫಿ, ಬಸ್ಸುಗಿಸ್ಸು, ಮೊಬೈಲುಗಿಬೈಲು. ಮೊದಲಕ್ಷರ ಉದ್ದ ಇದ್ದರೆ 'ಗೀ', ಗಿಡ್ಡ ಇದ್ದರೆ 'ಗಿ'. ಯಾವ ಮಗುವಿಗೂ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಯಾವ ಮಗುವೂ ತಪ್ಪುವುದಿಲ್ಲ. ಮಗನ ಜೊತೆ ಇಲ್ಲಿಂದ ಶುರು ಮಾಡಿ. ಹಗೇವು ಆಮೇಲೆ ಬರಲಿ.

ಈಗ ನಿಮ್ಮ 'ಅಪರೂಪದ ಪದ'ಕ್ಕೆ ಬರುತ್ತೇನೆ. ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಅಪರೂಪದ ಪದ ಅಂತ ನಾವು ಅಂದುಕೊಳ್ಳುವುದು ಹೆಚ್ಚಿನ ಸಲ ಬೇರೆ ಯಾರದೋ ದಿನದ ಪದ. ಕೆಲವು ವರ್ಷದ ಹಿಂದೆ ಕಬ್ಬನ್‌ಪೇಟೆಯಲ್ಲಿ ಒಬ್ಬ ಹಿರಿಯ ನೇಕಾರರ ಮಗ್ಗದ ಪಕ್ಕ ಕೂತಿದ್ದೆ. ಉದ್ದಕ್ಕೆ ಬಿಗಿದ ನೂಲನ್ನು ತೋರಿಸಿ 'ಇದು ಹಾಸು' ಅಂದರು. ಲಾಳಿ ಅತ್ತಿಂದಿತ್ತ ಓಡುತ್ತಾ ಅಡ್ಡಕ್ಕೆ ಎಳೆಯುತ್ತಿದ್ದ ನೂಲು ತೋರಿಸಿ 'ಇದು ಹೊಕ್ಕು' ಅಂದರು. ನಾನು ಪಾಠದಲ್ಲಿ, ಭಾಷಣದಲ್ಲಿ 'ಹಾಸುಹೊಕ್ಕಾಗಿದೆ' ಅಂತ ನೂರಾರು ಸಲ ಹೇಳಿದ್ದವನು. ನೇಯ್ಗೆಯಿಂದ ಬಂದದ್ದು ಅಂತ ಪುಸ್ತಕದಿಂದ ಗೊತ್ತಿತ್ತು. ಆ ಎರಡು ನೂಲು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಕಣ್ಣಾರೆ ಕಂಡಿದ್ದು ಅವತ್ತೇ. ಅವತ್ತಿನಿಂದ ಆ ಪದವನ್ನು ಸುಮ್ನೆ ಬಳಸಲು ನನಗೆ ಮನಸ್ಸು ಬರುವುದಿಲ್ಲ.

ಗಾಂಧಿಬಜಾರಿನಲ್ಲಿ ಹೂ ಕೊಳ್ಳುವಾಗ ಮೊಳ, ಮಾರು ಇವತ್ತಿಗೂ ನಡೆಯುತ್ತವೆ. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ, ಎರಡೂ ಕೈ ಚಾಚಿದರೆ ಮಾರು. ಹೂ ಮಾರುವ ಅಕ್ಕನಿಗೆ ಅವು ಅಪರೂಪವಲ್ಲ, ಅನ್ನ. ನೀವಂತೂ ಬ್ಯಾಂಕಿನಲ್ಲಿ ಕೂತಿದ್ದೀರಿ. ಎದುರು ಬಂದು ಕೂರುವ ವ್ಯಾಪಾರಿಗಳು ಅಸಲು, ಕಂತು, ಅಡವು, ಕೈಗಡ ಅನ್ನುತ್ತಾರೆ. ಕಾಗದ ಪತ್ರ ಇಲ್ಲದೆ ನಂಬಿಕೆಯ ಮೇಲೆ ಇಸಿದುಕೊಂಡ ಸಣ್ಣ ಸಾಲಕ್ಕೆ 'ಕೈಗಡ' ಎಷ್ಟು ಸರಿಯಾದ ಪದ! ನಿಮ್ಮ 1,400ರಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ನಾಳೆಯೇ ಬರೆದುಕೊಳ್ಳಿ.

ಇದೇ ಕಾರಣಕ್ಕೆ ಇನ್ನೊಂದು ತಪ್ಪು ನಂಬಿಕೆ ಹೇಳಬೇಕು. ನಿಘಂಟಿನಲ್ಲಿ ಇಲ್ಲದ ಪದ ಪದವೇ ಅಲ್ಲ ಅಂತ ಎಷ್ಟೋ ಜನ ವಾದ ಮಾಡುತ್ತಾರೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ. ಮೊದಲನೆಯದು ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರು ಅದಕ್ಕೆ ಬದುಕನ್ನೇ ಕೊಟ್ಟವರು. ಪ್ರತಿ ಪದದ ಜೊತೆ ಅದು ಎಲ್ಲಿ ಬಳಕೆಯಾಗಿದೆ ಅನ್ನುವುದನ್ನೂ ತೋರಿಸುವ ದೊಡ್ಡ ಕೆಲಸ ಅದು. ಆದರೆ ಆ ಬಳಕೆಗಳು ಬಹುಪಾಲು ಶಾಸನ, ಕಾವ್ಯ, ಬರಹಗಳಿಂದ ಬಂದವು. ಬರಹಕ್ಕೆ ಬಾರದೆ ಬಾಯಲ್ಲೇ ಉಳಿದ ಕಸುಬಿನ ಮಾತುಗಳಿಗೆ ಆ ದಾರಿ ಸುಲಭವಿರಲಿಲ್ಲ. ಅಂಥ ಮಾತು ನಿಮ್ಮ ನೋಟ್‌ಬುಕ್ಕಿನಲ್ಲಿದ್ದರೆ ಅದಕ್ಕೆ ಬೆಲೆ ಇದೆ.

ಭಾವನವರ ಮಾತಿಗೆ ಬರೋಣ. ಕುರ್ಚಿ, ಅರ್ಜಿ ಅರಬ್ಬಿಯಿಂದ ಬಂದವು ಅನ್ನುವುದು ನಿಜ. ಅವುಗಳನ್ನು ಬಿಟ್ಟರೆ ಶುದ್ಧ ಕನ್ನಡ ಸಿಗುತ್ತದೆ ಅನ್ನುವುದು ನಿಜವಲ್ಲ. ನಿಮ್ಮ ಬ್ಯಾಂಕಿನ ಮಾತನ್ನೇ ತಗೊಳ್ಳಿ. ಅಸಲು ಅರಬ್ಬಿಯದು. ಬಡ್ಡಿ ಸಂಸ್ಕೃತದ ವೃದ್ಧಿಯ ಮಗಳು. ಕೈಗಡದೊಳಗಿನ ಕಡ ನಮ್ಮದೇ ಹಳೆಯ ದ್ರಾವಿಡ ಪದ, ತಮಿಳಿನವರು ಕಡನ್ ಅನ್ನುತ್ತಾರೆ. ಲೋನ್ ಇಂಗ್ಲಿಷಿನದು. ನಾಲ್ಕೂ ಒಂದೇ ಕೌಂಟರಿನಲ್ಲಿ ಜಗಳ ಇಲ್ಲದೆ ಇವೆ. ಮುಸ್ಸಂಜೆ ಅಂದರೆ ಎಲ್ಲರೂ 'ಆಹಾ, ಅಚ್ಚಗನ್ನಡ' ಅನ್ನುತ್ತಾರೆ. ಅದರಲ್ಲಿ 'ಮು' ಕನ್ನಡದ ಮೂರು, ಸಂಜೆ ಸಂಸ್ಕೃತದ ಸಂಧ್ಯಾ. ಬಾಯಿಂದ ಬಾಯಿಗೆ ಉರುಳಿ ನುಣುಪಾಗಿ ನಮ್ಮದಾಯಿತು.

ಈ ಜಗಳವೂ ಹೊಸದಲ್ಲ. 12ನೇ ಶತಮಾನದಲ್ಲೇ ನಯಸೇನ ಕವಿ, ಕನ್ನಡಕ್ಕೆ ಸಂಸ್ಕೃತ ತುಂಬುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಅಂತ ಬೇಸರಪಟ್ಟಿದ್ದ. ನೂರು ವರ್ಷದ ಮೇಲೆ ಆಂಡಯ್ಯ ಸಂಸ್ಕೃತ ಪದಗಳನ್ನು ಇದ್ದ ಹಾಗೇ ಬಳಸದೆ ಇಡೀ ಕಾವ್ಯ ಬರೆದ. ಅವನೂ ತದ್ಭವಗಳನ್ನು ಬಿಡಲಿಲ್ಲ. ಕಾವ್ಯ ಎಂಬ ಪದ ಬೇಡ ಅಂದವನು ಅದೇ ಪದದ ಮಗನಾದ 'ಕಬ್ಬ'ವನ್ನು ಎತ್ತಿಕೊಂಡ. ಇದನ್ನು ಭಾವನವರಿಗೆ ಹೇಳಿ. ಒಳ್ಳೆಯ ಕನ್ನಡ ಬೇಕು ಅನ್ನುವ ಅವರ ಆಸೆ ದೊಡ್ಡದು, ಅದನ್ನು ನೋಯಿಸಬೇಡಿ. ಕುರ್ಚಿಯ ಮೇಲೆ ಕೂತೇ ಮಾತಾಡಿ.

ಪದಗಳು ಯಾಕೆ ಹೋಗುತ್ತವೆ? ಮೊದಲ ಕಾರಣ, ವಸ್ತು ಹೋಗುತ್ತದೆ. ನೆಲದೊಳಗೆ ಹಳ್ಳ ತೋಡಿ ರಾಗಿ ತುಂಬಿ ಬಾಯಿ ಮುಚ್ಚುವುದು ನಿಂತ ಮೇಲೆ ಹಗೇವು ಯಾರಿಗೆ ಬೇಕು? ಬೆಕ್ಕಿಗೆ ಸಿಗದ ಹಾಗೆ ಹಾಲು ಮೊಸರಿನ ಗಡಿಗೆಯನ್ನು ಸೂರಿನಿಂದ ತೂಗುಬಿಡುತ್ತಿದ್ದ ಹಗ್ಗದ ನೆಲುವು, ಮನೆಗೆ ಫ್ರಿಜ್ ಬಂದ ಮೇಲೆ ಇಳಿಯಿತು. ಆದರೆ ವಸ್ತು ಹೋದ ಕೂಡಲೇ ಪದ ಸಾಯುವುದಿಲ್ಲ. ನಾಣ್ಯದ ಹೋಲಿಕೆ ನೀವೇ ಕೊಟ್ಟಿದ್ದೀರಿ. 1957ರಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕ ಹೋಯಿತು. ಆದರೂ 25 ಪೈಸೆಯನ್ನು ನಾವು ನಾಲ್ಕಾಣೆ ಅಂತಲೇ ಕರೆದೆವು. 2011ರಲ್ಲಿ ಆ 25 ಪೈಸೆಯ ಚಲಾವಣೆಯೇ ನಿಂತಿತು. ಇವತ್ತಿಗೂ 'ಹದಿನಾರಾಣೆ ಸತ್ಯ' ಅನ್ನುತ್ತೇವೆ. ಸೇರು ಅಳತೆ ಹೋಗಿ ಎಷ್ಟೋ ಕಾಲವಾಯಿತು, 'ಸೇರಿಗೆ ಸವ್ವಾಸೇರು' ಗಟ್ಟಿಯಾಗಿದೆ. ಸವ್ವಾ ಅಂದರೆ ಒಂದೂಕಾಲು ಅಂತ ಗೊತ್ತಿಲ್ಲದವರೂ ಸರಿಯಾದ ಜಾಗದಲ್ಲೇ ಹೇಳುತ್ತಾರೆ. ಕಣಜದ್ದು ಇನ್ನೂ ಚೆಂದ. ಕಾಳು ತುಂಬುವ ಕಣಜ ಮನೆಗಳಿಂದ ಹೋಯಿತು. ಕನ್ನಡದ ಒಂದು ಅಂತರ್ಜಾಲ ಜ್ಞಾನಕೋಶ ಅದೇ ಹೆಸರು ಇಟ್ಟುಕೊಂಡು ಬಂತು.

ಎರಡನೇ ಕಾರಣ ನನಗೆ ಜಾಸ್ತಿ ನೋವು ಕೊಡುತ್ತದೆ. ಅದು ನಾಚಿಕೆ. ಊರಿನಿಂದ ಬೆಂಗಳೂರಿಗೆ ಬಂದವರು ಮೊದಲು ಮುಚ್ಚಿಡುವುದು ತಮ್ಮ ಊರ ಮಾತನ್ನು. ನನ್ನ ತರಗತಿಯಲ್ಲೇ ಒಬ್ಬ ಹುಡುಗ ಜರಡಿಗೆ ಒಂದರಿ ಅಂದಾಗ ಉಳಿದವರು ನಕ್ಕರು. ಅವನು ಆ ವರ್ಷ ಪೂರ್ತಿ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ನಗಬೇಡಿ ಅಂತ ಗದರಿದೆ, ಅಷ್ಟೇ. ಅವತ್ತು ಆ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಬೇಕಿತ್ತು. ಬರೆಯಲಿಲ್ಲ. ಆ ತಪ್ಪು ನನ್ನದು.

ನೀವು ಮಾಡಬಹುದಾದ್ದು ಏನು ಅಂತ ಹೇಳುತ್ತೇನೆ. ನೋಟ್‌ಬುಕ್ ಬಿಡಬೇಡಿ, ಬರೆಯುವ ರೀತಿ ಬದಲಿಸಿ. ನಿಮ್ಮ ಪದಗಳು ಬಾಯಿಗೆ ಬಾರದಿರಲು ಕಾರಣ ಅಲ್ಲೇ ಇದೆ. ಪದ, ಅರ್ಥ ಎರಡೇ ಬರೆದರೆ ಅದು ಫೋನ್ ನಂಬರಿನ ಹಾಗೆ ಆಗುತ್ತದೆ. ಬೇಕಾದಾಗ ನೆನಪಾಗುವುದಿಲ್ಲ. ನಿಘಂಟಿನ ಕೆಲಸದಲ್ಲಿ ನಾವು ಒಂದು ಚೀಟಿಗೆ ಒಂದು ಪದ ಬರೆಯುತ್ತಿದ್ದೆವು. ಪದದ ಕೆಳಗೆ ಅದು ಬಂದ ಇಡೀ ವಾಕ್ಯ. ಯಾರು ಹೇಳಿದರು, ಯಾವ ಊರು, ಏನು ಮಾಡುತ್ತಾ ಹೇಳಿದರು. 'ನೆಲುವು: ತೂಗುವ ಹಗ್ಗ' ಅಂತ ಬರೆದರೆ ಒಂದು ಸಾಲು. 'ನೆಲುವಿನ ಮೇಲಿನ ಬೆಣ್ಣೆ ಇಳಿಸಮ್ಮ' ಅಂತ ಬರೆದರೆ ಅಜ್ಜಿಯ ದನಿ. ನಾಲಿಗೆಗೆ ಸಿಗುವುದು ಈ ಎರಡನೆಯದು. 1,400ನ್ನೂ ತಿದ್ದಲು ಹೋದರೆ ಸುಸ್ತಾಗಿ ಬಿಟ್ಟುಬಿಡುತ್ತೀರಿ. ವಾಕ್ಯ ನೆನಪಿರುವ ನೂರು ಪದ ಆರಿಸಿಕೊಳ್ಳಿ. ಅರ್ಥದ ಅನುಮಾನ ಬಂದರೆ ಪರಿಷತ್ತಿನ ನಿಘಂಟು ನೋಡಿ. ಫೋನಿನಲ್ಲಿ ಬೇಕಾದರೆ ವಿ. ಕೃಷ್ಣ ಅವರು ಕಟ್ಟಿದ 'ಅಲರ್' ಇದೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಬಳಸುವಾಗ ಒಂದು ಎಚ್ಚರ. ಪದ ತೋರಿಸಲಿಕ್ಕೆ ಮಾತಾಡಿದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ. ತಮ್ಮನ್ನು ದಡ್ಡರನ್ನಾಗಿ ಮಾಡುತ್ತಿದ್ದಾರೆ ಅನಿಸುತ್ತದೆ. ಆಫೀಸಿನ ನಗುವಿನ ಹಿಂದೆ ಇದೂ ಇರಬಹುದು. ಬೇರೆ ಪದ ಸಾಲದ ಜಾಗದಲ್ಲಿ ಮಾತ್ರ ಹಳೆಯದನ್ನು ತನ್ನಿ. ಸಣ್ಣಗೆ ಬಿಡದೆ ಹನಿಯುವ ಮಳೆಗೆ 'ಸೋನೆ' ಅಂದರೆ ಯಾರೂ ನಗುವುದಿಲ್ಲ, ಕಿಟಕಿಯ ಕಡೆ ನೋಡುತ್ತಾರೆ. ಸಾಲಗಾರರಿಗೆ ಕಳಿಸುವ ಪತ್ರದಲ್ಲಿ ಮಾತ್ರ ಈ ಆಸೆ ಬೇಡ. ಅಲ್ಲಿ ಅವರಿಗೆ ಗೊತ್ತಿರುವ ಪದವೇ ಒಳ್ಳೆಯ ಪದ.

ಮಗನ ಪರೀಕ್ಷೆಯ ವಿಷಯದಲ್ಲಿ ನಿಮಗೆ ಎರಡು ದಾರಿ ಇದೆ. ಟೀಚರನ್ನು ಭೇಟಿಯಾಗಿ, ನಿಘಂಟಿನ ಪುಟ ತೋರಿಸಿ, ಮೆಲ್ಲಗೆ ಹೇಳಬಹುದು. ಬಹಳಷ್ಟು ಟೀಚರುಗಳು ಸಂತೋಷದಿಂದ ಒಪ್ಪುತ್ತಾರೆ. ಆದರೆ ಜಗಳದ ದನಿ ಬಂದರೆ ಅದರ ಬಿಸಿ ತಟ್ಟುವುದು ಮಗನಿಗೆ. ಇಲ್ಲವೇ, ಪರೀಕ್ಷೆಯಲ್ಲಿ ಪಾಠದ ಪದ, ಮನೆಯಲ್ಲಿ ನಮ್ಮ ಪದ ಅಂತ ಅವನಿಗೇ ಹೇಳಬಹುದು. ಆಗ ಮನೆಯ ಪದ ಎರಡನೇ ದರ್ಜೆಯದು ಅಂತ ಅವನು ತಿಳಿದುಕೊಳ್ಳುವ ಅಪಾಯ ಇದೆ. ನಾನಾದರೆ ಟೀಚರ ಹತ್ತಿರ ಹೋಗುತ್ತೇನೆ, ಮಗನನ್ನು ಕರೆದುಕೊಂಡು ಹೋಗುವುದಿಲ್ಲ.

ಪದಪ್ರೀತಿ ಇರುವವರು ಬೀಳುವ ಒಂದು ಗುಂಡಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅದು ಪದದ ಹುಟ್ಟಿನ ಕತೆ ಕಟ್ಟುವುದು. ಬೆಂಗಳೂರು ಎಂಬ ಹೆಸರು 'ಬೆಂದಕಾಳೂರು' ಇಂದ ಬಂತು, ಹಸಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ಒಂದು ವೀರಗಲ್ಲು ಶಾಸನ ಇದೆ. ಅದರಲ್ಲಿ 'ಬೆಂಗುಳೂರ ಕಾಳೆಗ'ದ ಮಾತು ಬರುತ್ತದೆ. ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಯಲ್ಲಿ. ಹೆಸರು ಅವನಿಗಿಂತ ಮುನ್ನೂರು ವರ್ಷ ಹಿರಿದು, ಅಲ್ವಾ? ಕತೆಯನ್ನು ಕತೆಯಾಗಿ ಹೇಳಿ, ಚೆನ್ನಾಗಿದೆ. ನೋಟ್‌ಬುಕ್ಕಿನಲ್ಲಿ ಮೂಲ ಅಂತ ಬರೆಯಬೇಡಿ. ಒಂದು ಭಾನುವಾರ ಮಗನನ್ನು ಕರೆದುಕೊಂಡು ಬೇಗೂರಿಗೆ ಹೋಗಿ ಬನ್ನಿ. ಬನಶಂಕರಿಯಿಂದ ದೂರ ಏನಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಚಿಕ್ಕಜ್ಜಿಯದು. ಮುಂದಿನ ರಜೆಗೆ ಕಾಯಬೇಡಿ. ಹೋಗಿ, ಅವರನ್ನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರು ಒಪ್ಪದೆ ಅದನ್ನು ವಾಟ್ಸಾಪಿಗೂ ಹಾಕಬೇಡಿ. 'ಇದಕ್ಕೆ ಏನಂತಾರೆ, ಅದರ ಅರ್ಥ ಏನು' ಅಂತ ಪ್ರಶ್ನೆ ಹಾಕಿದರೆ ಹಿರಿಯರು ಪರೀಕ್ಷೆಗೆ ಕೂತ ಹಾಗೆ ಬಿಗಿಯಾಗುತ್ತಾರೆ, ನಿಮಗೆ ತಿಳಿಯಲಿ ಅಂತ ಪೇಟೆಯ ಪದವನ್ನೇ ಹೇಳುತ್ತಾರೆ. ರಾಗಿ ಕೇರಲು ಕೂರಿಸಿ, ನೀವೂ ಒಂದು ಮೊರ ಹಿಡಿದು ಪಕ್ಕದಲ್ಲಿ ಕೂರಿ, ತಪ್ಪಾಗಿ ಕೇರಿ. ಬೈಯುತ್ತಾರೆ. ಆ ಬೈಗುಳದಲ್ಲಿ ನಿಮಗೆ ಬೇಕಾದ್ದೆಲ್ಲ ಇರುತ್ತದೆ. ಹಗೇವಿನಿಂದ ರಾಗಿ ತೆಗೆಯುವ ದಿನ ಏನೇನು ಮಾಡುತ್ತಿದ್ದರು, ಒಳಗೆ ಯಾರು ಇಳಿಯುತ್ತಿದ್ದರು, ಮೇಲೆ ನಿಂತವರು ಏನು ಅಂತ ಕೂಗುತ್ತಿದ್ದರು, ಇದನ್ನು ಕೇಳಿ ನನಗೂ ಬರೆಯಿರಿ. ಆ ಕೂಗು ನನ್ನ ಚೀಟಿಗಳಲ್ಲಿ ಇಲ್ಲ.